ಕಾಲಚೈನಿನ ಅಳತೆ

"ಕೂಸಿನ ಪಾತ್ರದವರು ಕುರ್ಚಿ ಮ್ಯಾಲ ಕೂಡಂಗಿಲ್ಲ, ಕೆಳಗ ಕೂಡ್ರಿ," ಎಂದರು ತರಬೇತಿ ಕೊಡಲು ಬಂದಿದ್ದ ನಿಖತ ಮೇಡಂ. ಕಾವ್ಯಾ ಸೀರೆಯ ನೆರಿಗೆ ಎತ್ತಿಕೊಂಡು ನೆಲಕ್ಕೆ ಕೂತಳು. ಸೊಲ್ಲಾಪುರ ರಸ್ತೆಯ ಆ ಮಹಡಿ ಕೋಣೆಯ ಕೆಳಗೇ ಗ್ಯಾರೇಜು; ಸುತ್ತಿಗೆ ಪೆಟ್ಟು ನೆಲದೊಳಗಿಂದ ಮೈಗೆ ಬಡಿಯುತ್ತಿತ್ತು.

ತಂದೆತಾಯಿ ಇಲ್ಲದ ಮಕ್ಕಳನ್ನು ಯಾರ ಮನೆಯಲ್ಲಿ ಇಡಬೇಕು, ಬಂಧುಗಳ ಹತ್ತಿರವೋ ಬೇರೆಯವರ ಹತ್ತಿರವೋ ಎಂದು ಸಮಾಜ ಕಾರ್ಯಕರ್ತರಿಗೆ ಕಲಿಸುವ ತರಬೇತಿ ಅದು. ಇವತ್ತು ನಾಟಕ ಆಡಿ ಕಲಿಯುವ ಸರದಿ. ಕಾವ್ಯಾ ತನ್ನ ಕೈಯಲ್ಲಿದ್ದ ಪ್ರಕರಣವನ್ನೇ ನಾಟಕಕ್ಕೆ ಕೊಟ್ಟಿದ್ದಳು: ಹನ್ನೊಂದು ವರ್ಷದ ಸೌಭಾಗ್ಯ. ಸದ್ಯ ಆಕೆಯನ್ನು ಮನೆಯಲ್ಲಿಟ್ಟುಕೊಂಡಿರುವ ಸಾರವಾಡದ ಸೋದರಮಾವ ರಾಯಪ್ಪ ನಾನೇ ಸಾಕುತ್ತೇನೆ ಅಂತಾನೆ. ಟ್ರ್ಯಾಕ್ಟರ್ ಇದೆ, ನೀರಾವರಿ ಹೊಲ ಇದೆ, ಸ್ಲ್ಯಾಬಿನ ಮನೆ ಇದೆ. ಟಿಕೋಟಾದ ದೊಡ್ಡವ್ವ ಲಕ್ಕವ್ವ, "ಒಂದು ರೊಟ್ಟಿ ಹೆಚ್ಚಿಗಿ ಬಡೀತೀನಿ, ನನಗ ಕೊಡ್ರಿ" ಅಂತಾಳೆ. ಆಕೆಯದು ತಗಡಿನ ಒಂದೇ ಖೋಲಿ, ಅದರೊಳಗೆ ಆಗಲೇ ಮೂರು ಮಕ್ಕಳು. ನಾಳೆ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನ ಮಾಡುತ್ತದೆ. ಮಾವನ ಮನೆಯೇ ಯೋಗ್ಯ ಎಂದು ಕಾವ್ಯಾ ಬರೆದಿಟ್ಟಾಗಿತ್ತು. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಆಕೆಗೆ ಕಂಡಿರಲಿಲ್ಲ.

ನಾಟಕದಲ್ಲಿ ಮಾವನಾದವನು ಬಬಲೇಶ್ವರದ ಸತೀಶಕುಮಾರ. ಕಾಲ ಮೇಲೆ ಕಾಲು ಹಾಕಿ, ಇಲ್ಲದ ಮೀಸೆ ತೀಡಿದ.

"ಮಾವಾ, ನನ್ನ ಸಾಲಿ ಬಿಡಸ್ತಿ ಏನು?" ಕಾವ್ಯಾ ಸಣ್ಣ ದನಿ ತೆಗೆದಳು.

"ಯಾಕ ಬಿಡಸ್ಲವ್ವಾ? ಎಷ್ಟ ಬೇಕ ಅಷ್ಟ ಓದು. ಹೊಲಾ ಇದ್ದರೇನು, ಟ್ರ್ಯಾಕ್ಟರ್ ಇದ್ದರೇನು, ಒಕ್ಕಲತನದವಗ ಈಗ ಯಾರು ಹೆಣ್ಣ ಕೊಡ್ತಾರ? ಊರೂರು ತಿರುಗಿ ಚಪ್ಪಲಿ ಸವದು ಹೋದ್ವು. ನೀ ಒಂದ ದೊಡ್ಡಾಕಿ ಆಗಿಬಿಡು, ನನ್ನ ತಿರುಗಾಟ ತಪ್ಪತದ!"

ಕೋಣೆಯೆಲ್ಲ ಗೊಳ್ಳೆಂದಿತು. "ಮಾವ ಅಂದ್ರ ಹಿಂಗಿರಬೇಕಲೇ!" ಎಂದು ಹಿಂದಿನಿಂದ ಸಿದ್ದರಾಮ ಮೇಜು ಬಡಿದ. ಮಾತೇನೂ ಹೊಸದಲ್ಲ. ತೊಟ್ಟಿಲಲ್ಲಿರುವ ಕೂಸಿಗೂ ಮಾವಂದಿರು ಹೀಗೇ ಚಾಷ್ಟಿ ಮಾಡುತ್ತಾರೆ, ಕೂಸಿನ ಅವ್ವಂದಿರೂ ನಗುತ್ತಾರೆ. ನಿಖತ ಮೇಡಂ ಮಾತ್ರ ನಗಲಿಲ್ಲ.

"ಕಾವ್ಯಾ, ಕೆಳಗ ಕೂತ್ರ ಏನು ಕಾಣಸ್ತದ?"

"ಕಾಲ್ರಿ ಮೇಡಂ. ಎಲ್ಲಾರ ಕಾಲು..."

ಆಕೆಗೆ ಇನ್ನೊಂದು ಜೋಡಿ ಕಾಲು ನೆನಪಾಯಿತು. ಸಾರವಾಡಕ್ಕೆ ಹೋದಾಗ ಸೌಭಾಗ್ಯಳ ಕಾಲಲ್ಲಿ ಹೊಸ ಬೆಳ್ಳಿ ಚೈನು ಹೊಳೆಯುತ್ತಿತ್ತು. ಹಿಮ್ಮಡಿಗೆ ಜೋತುಬಿದ್ದ ಅದನ್ನು ಕೆಂಪು ದಾರದಿಂದ ಬಿಗಿದು ಕಟ್ಟಿದ್ದರು. "ಮಾವ ತಂದಾನ್ರಿ. ಇನ್ನಾ ಬೆಳೀತಾಳಲ್ಲ, ಮುಂದ ಕೂಡತಾವ," ಎಂದಿದ್ದಳು ರಾಯಪ್ಪನ ತಾಯಿ ಬೋರವ್ವ. ಎಷ್ಟು ಪ್ರೀತಿ ನೋಡು ಎಂದುಕೊಂಡು ಕಾವ್ಯಾ ಚಹಾ ಕುಡಿದು ಎದ್ದು ಬಂದಿದ್ದಳು. ಮೂವತ್ತರ ಹತ್ತಿರ ಬಂದ ರಾಯಪ್ಪನಿಗೆ ಇನ್ನೂ ಮದುವೆ ಯಾಕೆ ಆಗಿಲ್ಲ ಎಂದು ಕೇಳಿರಲಿಲ್ಲ.

ಊಟಕ್ಕೆ ಬಿಟ್ಟಾಗ ಆಕೆ ಡಬ್ಬಿ ಬಿಚ್ಚಲಿಲ್ಲ. ಬಬಲೇಶ್ವರದ ಬಸ್ಸು ಹಿಡಿದು ಸಾರವಾಡದಲ್ಲಿ ಇಳಿದಳು.

ರಾಯಪ್ಪ ಟ್ರ್ಯಾಕ್ಟರಿಗೆ ಗ್ರೀಸು ಹಚ್ಚುತ್ತಿದ್ದ. ಸೌಭಾಗ್ಯಳನ್ನೇ ಮದುವೆಯಾಗುವ ವಿಚಾರವಿದೆಯೇ ಎಂದು ಕಾವ್ಯಾ ಕೇಳಿದ್ದಕ್ಕೆ ಸುಳ್ಳು ಹೇಳಲಿಲ್ಲ, ಕೈ ಒರೆಸಿಕೊಂಡು ಎದುರಿಗೆ ನಿಂತ. "ಹೌದ್ರಿ, ಅದರಾಗ ತಪ್ಪೇನದ? ಹದಿನೆಂಟ ತುಂಬೂ ತನಕ ಕಾಯ್ತೀನಿ. ಕಾನೂನು ನನಗೂ ಗೊತ್ತದ. ಅಲ್ಲೀ ತನಕ ಉಣಸ್ತೀನಿ, ಓದಸ್ತೀನಿ. ಮತ್ಯಾರು ಮಾಡ್ತಾರ ಇಷ್ಟು?"

"ಆಕಿನ್ನ ಕೇಳೀಯೇನಪ್ಪಾ?"

"ಆಕಿನ್ನೇನು ಕೇಳೂದ್ರಿ, ಸಣ್ಣ ಹುಡುಗಿ." ಆಮೇಲೆ ಏನೋ ನೆನಪಾದವನಂತೆ ನಕ್ಕ. "ನೀವರೆ ಕೇಳೀರೇನು?"

ಹೋದ ಸಲ ಕಾವ್ಯಾ, ಮನೆಮಂದಿಯೆಲ್ಲ ಸುತ್ತ ನಿಂತಿದ್ದಾಗ "ಮಾವನ ಮನಿ ಚಲೋ ಅದ ಅಲ್ಲ?" ಅಂದಿದ್ದಳು. ಹುಡುಗಿ ಗೋಣು ಹಾಕಿತ್ತು. ಅದನ್ನು ಕೇಳಿದ್ದು ಅನ್ನಲು ಬರುವುದಿಲ್ಲ.

"ನಾ ಕರಿಯೂ ತನಕ ಯಾರೂ ಹಿಂದ ಬರಬ್ಯಾಡ್ರಿ," ಎಂದು ಹೇಳಿ ಕಣಿಕೆ ಬಣವೆಯ ಹಿಂದಕ್ಕೆ ನಡೆದಳು. ಓಣಿಯಲ್ಲಿ ಆಡುತ್ತಿದ್ದ ಸೌಭಾಗ್ಯ ಕೂಗಿಗೆ ಓಡಿ ಬಂದಳು. ಬರಿಗಾಲು. ಎರಡೂ ಚೈನು ಮುಷ್ಟಿಯಲ್ಲಿದ್ದವು.

"ಯಾಕ ಬಿಚ್ಚೀದಿ?"

"ಓಡಿದ್ರ ಬೀಳ್ತಾವ್ರಿ. ಕಳದು ಹೋದ್ರ ಬೋರವ್ವ ಆಯಿ ಬೈತಾಳ."

ಕಾವ್ಯಾ ಮಣ್ಣಲ್ಲೇ ಕೂತಳು. ಆಕೆ ನೆಲಕ್ಕೆ ಕೂತದ್ದು ನೋಡಿ ಹುಡುಗಿಗೆ ನಗು ಬಂತು, ತಾನೂ ಕೂತಿತು.

"ದೊಡ್ಡವ್ವನ ಮನಿ ಸಣ್ಣದು, ಅಲ್ಲಿ ಮೂರು ಮಂದಿ ಹುಡುಗರು. ಇಲ್ಲಿ ಎಲ್ಲಾ ಅದ. ಆಕಿನೂ ಬಾ ಅಂತಾಳ, ಇವರೂ ಇರು ಅಂತಾರ. ನಿನಗ ಎಲ್ಲಿ ಇರಬೇಕ ಅನಸ್ತದ? ಏನ ಹೇಳಿದ್ರೂ ನಾ ಸಿಟ್ಟ ಆಗಂಗಿಲ್ಲ."

ಸೌಭಾಗ್ಯಳ ನಗು ನಿಂತಿತು. ಬಣವೆಯ ಮರೆಯಿಂದ ಕತ್ತು ಚಾಚಿ ಟ್ರ್ಯಾಕ್ಟರಿನ ಕಡೆ ಇಣುಕಿದಳು. ವಾಪಸು ಬಂದು, ಬೆವರಿನಿಂದ ಬಿಸಿಯಾಗಿದ್ದ ಆ ಚೈನುಗಳನ್ನು ಕಾವ್ಯಾಳ ಅಂಗೈಯಲ್ಲಿಟ್ಟು, ಆಕೆಯ ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿದಳು.

"ಹಂಗಾರ ಇವನ್ನ ಮಾವನ ಕೈಯಾಗ ನೀವ ಕೊಡ್ತೀರೇನ್ರಿ?"