ಜಡ್ಜಮ್ಮನ ನಾಲಿಗೆ

“ಸೀಮೆಎಣ್ಣೆ,” ಎಂದಳು ಜಡ್ಜಮ್ಮ, ಬಾಯಲ್ಲಿದ್ದ ಬಿಸ್ಕತ್ತಿನ ಚೂರನ್ನು ಕಾಗದದ ಲೋಟಕ್ಕೆ ಉಗುಳಿ. ಅಲ್ಲಿಗೆ ಆ ದಿನದ ಓವನ್ ನಿಂತಿತು. ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವುದೇ ಅವಳ ಕೆಲಸ. ಅವಳು ತಲೆಯಾಡಿಸದೆ ಒಂದು ಪೊಟ್ಟಣವೂ ಗೇಟು ದಾಟುವಂತಿಲ್ಲ. ಅದಕ್ಕೇ ಆ ಹೆಸರು.

ಓವನ್ ನೋಡಿಕೊಳ್ಳುವ ಮೇಸ್ತ್ರಿಯನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಅವನು ಅದೇ ತಟ್ಟೆಯಿಂದ ಒಂದು ತಿಂದ, ಇನ್ನೊಂದು ತಿಂದ, ಅನುಮಾನ ಉಳಿಯಬಾರದೆಂದು ಮತ್ತೂ ಒಂದು ತಿಂದ.

“ಎಲ್ಲಮ್ಮಾ ಸೀಮೆಎಣ್ಣೆ? ಮೊನ್ನೆ ಅಂದೆ, ಬೆಣ್ಣೆ ಬದಲಾಯಿಸ್ದೆ. ನಿನ್ನೆ ಅಂದೆ, ತಟ್ಟೆ ಎಲ್ಲಾ ಉಜ್ಜಿಸ್ದೆ. ಇವತ್ತು ಇನ್ನೇನು, ನಾನೇ ಸ್ನಾನ ಮಾಡ್ಕೊಂಡು ಬರ್ಲಾ?”

“ಮಾಡಿದ್ರೆ ನಷ್ಟವೇನಿಲ್ಲ ಮಾವ. ಆದ್ರೆ ವಾಸನೆ ಬಿಸ್ಕತ್ತಿಂದೇ.”

“ಮ್ಯಾನೇಜರ್ ಏನಂದ್ರು ಗೊತ್ತಾ? ನಾಲಿಗೆ ಕೆಟ್ಟಿದ್ರೆ ಪ್ಯಾಕಿಂಗಿಗೆ ಕಳ್ಸಿ, ಅಲ್ಲಿ ಕೈ ಇದ್ರೆ ಸಾಕು ಅಂದ್ರು.”

ಜಡ್ಜಮ್ಮನ ಮುಖ ಚಿಕ್ಕದಾಯಿತು. ಈ ಮೇಜಿನವರೆಗೆ ಬರಲು ಅವಳು ವರ್ಷಗಟ್ಟಲೆ ಪ್ಯಾಕಿಂಗಿನಲ್ಲಿ ನಿಂತು ಹಲ್ಲಿನಿಂದ ಟೇಪು ಹರಿದಿದ್ದಳು.

ಗಲಾಟೆ ಕೇಳಿ ಲ್ಯಾಬಿನ ಅಕ್ಕ ಹೊರಗೆ ಬಂದಳು. ಯಾರನ್ನೂ ನಂಬದಿರುವುದಕ್ಕೇ ಸಂಬಳ ಪಡೆಯುವವಳು. ಅವಳ ಕಪಾಟಿನಲ್ಲಿ ಹಳೆಯ ಸರಕಿನ ಒಂದೊಂದು ಪೊಟ್ಟಣ, ತಾಳೆ ನೋಡಲೆಂದು, ಸೀಲು ಮಾಡಿ ಇಟ್ಟಿರುತ್ತಿತ್ತು. ಮೂರು ತಟ್ಟೆಗಳಲ್ಲಿ ಮೂರು ಬಿಸ್ಕತ್ತು ಇಟ್ಟು, ಯಾವುದು ಯಾವಾಗಿನದೆಂದು ಹೇಳದೆ, ಜಡ್ಜಮ್ಮನ ಮುಂದೆ ತಳ್ಳಿದಳು.

“ಸೀಮೆಎಣ್ಣೆ. ಇದೂ ಸೀಮೆಎಣ್ಣೆ. ಇದಂತೂ ದೀಪ ಹಚ್ಚಬಹುದು.”

“ಅದು ಹೋದ ತಿಂಗಳದ್ದು ಕಣೇ. ನೀನೇ ಬಾಯಿ ಚಪ್ಪರಿಸಿ ಪಾಸು ಮಾಡಿದ್ದು.”

ಮಾವ ಗೆದ್ದವನಂತೆ ಬಾಯಿ ತೆರೆದ. ಜಡ್ಜಮ್ಮನ ಕಣ್ಣಲ್ಲಿ ನೀರಾಡಿದ್ದು ಕಂಡು, ತೆರೆದ ಬಾಯಿಗೆ ಇನ್ನೊಂದು ಬಿಸ್ಕತ್ತು ಹಾಕಿಕೊಂಡು ಅಲ್ಲಿಂದ ಕಾಲ್ತೆಗೆದ. ಲ್ಯಾಬಿನ ಅಕ್ಕ ಬಾಗಿಲು ಮುಂದೆ ಮಾಡಿದಳು.

“ಮುಟ್ಟಾಗಿ ಎಷ್ಟು ದಿನ ಆಯ್ತೇ?”

“ನಂದು ಕೇಳ್ಬೇಡಿ ಅಕ್ಕ. ಒಂದ್ಸಲ ತಿಂಗಳಿಗೇ ಬರುತ್ತೆ, ಒಂದ್ಸಲ ಎರಡು ತಿಂಗಳಾದ್ರೂ ಪತ್ತೆ ಇರಲ್ಲ. ಬರೋ ದಿನ ಅಂತ ಒಂದಿದ್ರೆ ತಾನೇ ತಡ ಆಯ್ತು ಅನ್ನೋದು?”

“ಟೆಸ್ಟು?”

“ಆಯ್ತು ಅದೂ. ಒಂದೇ ಗೆರೆ. ಮದುವೆ ಆದಾಗಿಂದ ಆ ಒಂಟಿ ಗೆರೆ ನೋಡಿ ನೋಡಿ ಸಾಕಾಗಿದೆ.”

“ಯಾವಾಗ ಮಾಡ್ಕೊಂಡೆ?”

ಜಡ್ಜಮ್ಮನ ಗಂಡ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ಮನೆಗೆ ಬರುವುದು ನೆಂಟರ ಹಾಗೆ. “ಅವ್ರು ಬಂದು ಹೋದ ವಾರದಲ್ಲೇ. ಸಂಜೆ. ಒಂದು ಚೊಂಬು ನೀರು ಕುಡ್ಕೊಂಡು.”

ಲ್ಯಾಬಿನ ಅಕ್ಕ ಹಣೆ ಚಚ್ಚಿಕೊಂಡಳು. “ತಟ್ಟೆ ಒಳಗೆ ಹೋದ ತಕ್ಷಣ ಬಾಗಿಲು ತೆಗೆದು ಬೆಂದಿಲ್ಲ ಅಂತ ತೀರ್ಪು ಕೊಟ್ಟಂಗಾಯ್ತು! ದಿನದ ಲೆಕ್ಕ ಸಿಗದವ್ರು ಮುಟ್ಟಿನ ದಾರಿ ಕಾಯ್ತಾ ಕೂರಬಾರದು. ಗಂಡ ಹೆಂಡತಿ ಸೇರಿ ಮೂರು ವಾರ ಆದ್ಮೇಲೆ ನೋಡ್ಬೇಕು, ಬೆಳಗ್ಗೆ ಎದ್ದ ಮೊದಲ ಮೂತ್ರದಲ್ಲಿ. ಆಗ್ಲೂ ಒಂದೇ ಗೆರೆ ಬಂದ್ರೆ ವಾರ ಬಿಟ್ಟು ಇನ್ನೊಂದ್ಸಲ. ಆಗ್ಲೂ ಇಲ್ಲ, ಮುಟ್ಟೂ ಇಲ್ಲ ಅಂದ್ರೆ ಡಾಕ್ಟರ್ ಹತ್ರ. ಅವ್ರು ಹೋಗಿ ಎಷ್ಟಾಯ್ತು?”

“ತಿಂಗಳ ಮೇಲಾಯ್ತು.” ಜಡ್ಜಮ್ಮ ನೆಲ ನೋಡಿದಳು. “ಅಕ್ಕ, ಸುಮ್ನೆ ಆಸೆ ಹುಟ್ಟಿಸ್ಬೇಡಿ.”

“ಆಸೆ ಯಾರು ಕೊಟ್ರು? ಟೆಸ್ಟ್ ಮಾಡ್ಕೋ ಅಂದೆ.”

ಮರುದಿನ ಬೆಳಗ್ಗೆ ಜಡ್ಜಮ್ಮ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡು ಬಂದಳು. ಕಣ್ಣು ಮಾತ್ರ ಕಾಣುತ್ತಿತ್ತು. ಇಡೀ ಮುಖದ ನಗುವನ್ನು ಆ ಕಣ್ಣುಗಳೇ ಹೊತ್ತಿದ್ದವು. ಲ್ಯಾಬಿನ ಅಕ್ಕನಿಗೆ ದೂರದಿಂದಲೇ ಎರಡು ಬೆರಳು ತೋರಿಸಿದಳು.

“ಏನದು ಎರಡು?” ಮಾವ ಗಾಬರಿಯಾದ. “ಎರಡು ಓವನ್ನೂ ನಿಲ್ಲಿಸ್ಬೇಕಾ?”

ಲ್ಯಾಬಿನ ಅಕ್ಕ ಅವನ ಕಿವಿಯಲ್ಲಿ ವಿಷಯ ಹೇಳಿದಳು. ಹೊಸ ಜೀವ ಬಂದರೆ ವಾಸನೆಗಳೆಲ್ಲ ತಲೆಕೆಳಗಾಗುವುದುಂಟು ಎಂದೂ ವಿವರಿಸಿದಳು.

“ಅಂದ್ರೆ ನನ್ನ ಬೆಣ್ಣೆ ಚೆನ್ನಾಗೇ ಇತ್ತು!” ಎಂದು ಮಾವ ಕೂಗಿದ. ಆಮೇಲೆ ಮರ್ಯಾದೆ ನೆನಪಾಗಿ, “ಒಳ್ಳೇದಾಗ್ಲಿ ತಾಯಿ,” ಎಂದು ಸೇರಿಸಿದ.

ಆದರೆ ಮ್ಯಾನೇಜರನ ಮಾತು ಹಾಗೇ ಉಳಿದಿತ್ತು: ಅವಳು ಪ್ಯಾಕಿಂಗಿಗೆ, ರುಚಿಯ ಕುರ್ಚಿಗೆ ಸದ್ಯಕ್ಕೆ ಮಾವ. ಮೊದಲ ತಟ್ಟೆ ಬಂತು. ಮಾವ ಫೋಟೋಕ್ಕೆ ಕುಳಿತವನಂತೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಒಂದನ್ನು ಕಚ್ಚಿದ. “ಚೆನ್ನಾಗಿದೆ,” ಎಂದ. ಅವನಿಗೆ ಹುಟ್ಟಿದಾಗಿನಿಂದ ಎಲ್ಲ ಬಿಸ್ಕತ್ತೂ ಚೆನ್ನಾಗಿಯೇ ಇದ್ದವು.

ಪ್ಯಾಕಿಂಗಿನತ್ತ ಹೊರಟಿದ್ದ ಜಡ್ಜಮ್ಮ ಹೊಸ್ತಿಲಲ್ಲಿ ನಿಂತಳು. ತಿರುಗದೆ ಕಿವಿಗೊಟ್ಟಳು.

“ಮಾವ, ಇನ್ನೊಂದ್ಸಲ ಕಚ್ಚಿ.”

ಕಚ್ಚಿದ.

“ಒಳಗೆ ತೇವ ಉಳಿದಿದೆ. ಇನ್ನೊಂದು ನಿಮಿಷ ಬೇಯ್ಲಿ.”

ಲ್ಯಾಬಿನ ಅಕ್ಕ ಒಂದನ್ನು ಎರಡಾಗಿ ಮುರಿದು ಬೆರಳಿನಿಂದ ಒತ್ತಿದಳು. ನಡುವೆ ಮೆತ್ತಗಿತ್ತು.

ಮಾವ ಎದ್ದ. ಕುರ್ಚಿಯ ಮೇಲಿನ ಪುಡಿ ಕೊಡವಿ, ಅದನ್ನು ಹೊತ್ತು ತಂದು ಗಾಳಿ ಬೀಸುವ ಬಾಗಿಲ ಬಳಿ ಅವಳಿಗೆ ಹಾಕಿದ. ಆಮೇಲೆ ತಟ್ಟೆ ಹಿಡಿದು ಅವಳ ಕಿವಿಯ ಪಕ್ಕ ಬಗ್ಗಿ ನಿಂತು, ಒಂದೊಂದಾಗಿ ಕಚ್ಚತೊಡಗಿದ.