ಅಂಜೂರವೋ, ಜ್ಯೂಸೋ

ಆಪರೇಷನ್ ಆದವರನ್ನು ಮಲಬದ್ಧತೆ ಹೋಗುವವರೆಗೆ ಆ ವಾರ್ಡಿನಿಂದ ಮನೆಗೆ ಕಳಿಸುತ್ತಿರಲಿಲ್ಲ. ಆಪರೇಷನ್ ಆಗಿ ಅಲ್ಲಿ ಮಲಗಿದ್ದ ತಾಯಿಗೆ ಮಗಳು ನೆನೆಸಿದ ಒಣ ಅಂಜೂರ ತಂದಳು.

"ಹಲ್ಲಿಗೆ ಅಂಟತಾವ. ಜ್ಯೂಸ್ ತಾ," ಎಂದಳು ತಾಯಿ.

ಜ್ಯೂಸ್ ಬಂತು.

"ಇದರಾಗ ನಾರೇ ಇಲ್ಲಲ್ಲ. ಹಣ್ಣಾರ ಚಲೋ ಇತ್ತು."

"ಯವ್ವಾ, ಏನರ ಒಂದು ಹೇಳು! ನಿನ್ನ ಹೊಟ್ಟಿ ಸಲುವಾಗಿ ನಾ ಇಲ್ಲಿ ಕೊಳಿಯಾಕತ್ತೀನಿ. ಇವತ್ತರ ಆತೋ ಇಲ್ಲೋ?"

"ಇಲ್ಲವ್ವಾ."

ಮಗಳು ಲೋಟ ಕುಕ್ಕಿ, ಡಾಕ್ಟರನ್ನು ಹುಡುಕಿಕೊಂಡು ಹೊರಗೆ ಹೋದಳು.

ಪಕ್ಕದ ಹಾಸಿಗೆಯಲ್ಲಿ, ನೋಡಲು ಯಾರೂ ಬಾರದ ನೀಲವ್ವ ಮರುದಿನದ ಆಪರೇಷನ್ನಿಗೆ ಹೆದರಿ ಮುಸುಕೆಳೆದು ಮಲಗಿದ್ದಳು.

ತಾಯಿ ಕೈ ಚಾಚಿ ಆಕೆಯ ಬೆರಳು ಹಿಡಿದು ಪಿಸುಗುಟ್ಟಿದಳು:

"ನನಗ ನಿನ್ನೆ ಮುಂಜಾನೇನ ಆಗೇತಿ. ನಾಳೆ ನಿನ್ನ ಆಪರೇಷನ್ ಮುಗಿಯೂತನಕ ಯಾರಿಗೂ ಹೇಳಬ್ಯಾಡ."