ಗುರುತು ಹಿಡಿದ ಬೀಗ

ಬೀಗ ಹಾಕಿದ ಬಾಗಿಲು ತನ್ನ ಹೆಬ್ಬೆರಳಿಗೆ ತೆರೆದುಕೊಂಡಾಗ ಆದಮ್ಮನ ಕೈಲಿದ್ದ ಪುಂಡಿಪಲ್ಲೆ ಸೊಪ್ಪಿನ ಕಟ್ಟು ಕೆಳಗೆ ಬಿತ್ತು.

ತೆರೆಯಲೆಂದು ಆಕೆ ಬೆರಳಿಟ್ಟವಳಲ್ಲ. ಹರೆಯದಿಂದಲೂ ಗೊರೇಬಾಳದ ಕೆಸರುಗದ್ದೆಗಳಲ್ಲಿ ನೆಲ್ಲು ನಾಟಿ ಮಾಡಿ ಮಾಡಿ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಎಷ್ಟೋ ತಿಂಗಳಿಂದ ಆಕೆಯನ್ನು ಆದಮ್ಮನೆಂದು ಒಪ್ಪಿರಲಿಲ್ಲ. ಇವತ್ತು ಬೆಳಿಗ್ಗೆಯೂ ಬೆರಳು ತಿಕ್ಕಿ, ತೊಳೆದು, ಎಣ್ಣೆ ಸವರಿ ಇಟ್ಟದ್ದಾಯಿತು; ಹತ್ತಿದ್ದು ಕೆಂಪು ದೀಪವೇ. “ಅದು ನೀ ಅಲ್ಲ ಅಂತೈತಿ, ನಾ ಏನ್ ಮಾಡ್ಲಿಬೇ? ಈ ತಿಂಗಳೂ ಹೊಂದಲಿಲ್ಲಂದ್ರ ಹೆಸರು ತಗದ್ಹಾಕ್ತಾರ,” ಎಂದಿದ್ದ ಅಂಗಡಿಯ ಹುಲಿಗೇಶ.

ಹೆಸರು ಹೋದರೆ ಒಲೆ ಹತ್ತುವುದು ಹೇಗೆ? ಏನಾದರೂ ದಾರಿ ತೋರಿಸಿಯಾಳೆಂದು, ನೀರಾವರಿ ಕಚೇರಿಯಲ್ಲಿ ನೌಕರಿ ಮಾಡುವ ತಮ್ಮೂರ ಮಗಳು ಸುಕನ್ಯಾಳನ್ನು ಕಾಣಲು ಆಟೋ ಹತ್ತಿ ಸಿಂಧನೂರಿಗೆ ಬಂದಿದ್ದಳು. ಮನೆಗೆ ಬೀಗ. ಬೀಗದ ಮೇಲೆ ರೇಷನ್ ಅಂಗಡಿಯಲ್ಲಿರುವಂಥದೇ ಪುಟ್ಟ ಗಾಜು. ಬೆರಳಿಡುವ ಯಂತ್ರಗಳೆಲ್ಲ ಸರ್ಕಾರದವೇ, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುತ್ತದೆ ಎಂಬುದು ಆಕೆಯ ನಂಬಿಕೆ. ಇದಾದರೂ ಏನನ್ನುತ್ತದೋ ನೋಡೋಣವೆಂದು ಹೆಬ್ಬೆರಳನ್ನು ಸೆರಗಿಗೆ ಒರೆಸಿ ಗಾಜಿನ ಮೇಲಿಟ್ಟಳು.

ಹಸಿರು ದೀಪ ಹತ್ತಿತು. ಬೀಗದೊಳಗಿಂದ ಒಬ್ಬ ಹೆಣ್ಣುಮಗಳು ಯಾವುದೋ ದೇಶದ ಭಾಷೆಯಲ್ಲಿ, ಬಹಳ ಮರ್ಯಾದೆಯಿಂದ, ಏನೋ ಅಂದಳು.

“ಹೌದವ್ವಾ, ನಾನಾ... ಗೊರೇಬಾಳ ಆದಮ್ಮ,” ಎಂದಳು ಆದಮ್ಮ. ಕಣ್ಣು ತುಂಬಿ ಬಂದವು. ದಿನಾ ನೋಡುವ ಊರಿನ ಯಂತ್ರ ಹಿಡಿಯದ ಗುರುತನ್ನು ಎಲ್ಲಿಯದೋ ದೇಶದ್ದು ಒಂದೇ ಏಟಿಗೆ ಹಿಡಿಯಿತಲ್ಲ! ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಹೆದರಿಕೆಯಾಯಿತು. ತೆರೆದ ಮನೆ ಬಿಟ್ಟು ಹೋಗುವಂತಿಲ್ಲ, ಬಾಗಿಲು ಎಳೆದರೆ ಮತ್ತೇನಾಗುವುದೋ ತಿಳಿಯದು. ಹೊಸ್ತಿಲ ಹೊರಗೆ ಕಾವಲು ಕೂತು ಪಲ್ಲೆಯ ಎಲೆ ಬಿಡಿಸಿ ಸೋಸತೊಡಗಿದಳು.

ಮಧ್ಯಾಹ್ನ ಊಟಕ್ಕೆ ಬಂದ ಸುಕನ್ಯಾ ತೆರೆದ ಬಾಗಿಲು ಕಂಡು ಓಡಿಬಂದಳು.

“ಅತ್ತೀ, ಬಾಗಿಲಾ ಯಾರು ತಗದ್ರು?”

“ನಾನಬೇ. ಹೆಬ್ಬಟ್ಟ ಇಟ್ಟೆ, ತಗೀತು.”

ಸುಕನ್ಯಾ ನೇರ ಒಳಗೆ ಹೋದಳು. ಅಲಮಾರಿ ತೆರೆದು ಮುಚ್ಚಿದ ಸದ್ದು ಹೊಸ್ತಿಲಿಗೆ ಕೇಳಿಸಿತು. ಆದಮ್ಮನಿಗೆ ಚುರುಕ್ಕೆಂದಿತು. ಕಂಕುಳಲ್ಲಿ ಹೊತ್ತು ತಿರುಗಿದ ಕೂಸು ಇದು! ಹೊರಗೆ ಬಂದಾಗ ಸುಕನ್ಯಾ ತಲೆ ಎತ್ತಲಿಲ್ಲ. ತಂಬಿಗೆ ನೀರು ಕೊಟ್ಟು ಪಕ್ಕದಲ್ಲೇ ಕೂತು ಗಂಡನಿಗೆ ಫೋನ್ ಮಾಡಿದಳು.

ಮಸ್ಕಿಯಲ್ಲಿ ಮಾಸ್ತರನಾಗಿರುವ ಭೀಮೇಶ ಬೈಕ್ ಹತ್ತಿ ಬಂದೇಬಿಟ್ಟ. “ಆಗಾಕ ಸಾಧ್ಯನಾ ಇಲ್ಲ! ಅದರಾಗ ನಮ್ಮಿಬ್ಬರ ಬಟ್ಟು ಬಿಟ್ರ ಇನ್ನೊಬ್ಬರದು ಇಲ್ಲ,” ಎಂದ. ಲಿಂಗಸುಗೂರಿನ ಅಂಗಡಿಯವನು ಹೇಳಿದ ಬೆಲೆಯ ಅರ್ಧಕ್ಕೇ ಆನ್‌ಲೈನಿನಲ್ಲಿ ಹೊರದೇಶದ ಬೀಗ ತರಿಸಿದೆನೆಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡವನು ಆತ. ಬಾಗಿಲು ಎಳೆದು, ಪಕ್ಕದ ಮನೆಯ ರಹೀಮಾಬೀಯನ್ನು ಕರೆದು ಬೆರಳಿಡಿಸಿದ. ಹಸಿರು ದೀಪ. ಮತ್ತೆ ಎಳೆದು ತನ್ನ ಮೊಣಕೈ ಒತ್ತಿದ. ಹಸಿರು ದೀಪ, ಅದೇ ಮರ್ಯಾದೆಯ ದನಿ.

“ಯಾ ಅಲ್ಲಾ! ಇಷ್ಟು ದಿನ ಇದನ್ನ ನಂಬಿ ಮಲಗೀರೇನ್ರಿ?” ಎಂದು ರಹೀಮಾಬೀ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಭೀಮೇಶನ ಮುಖ ಇಷ್ಟೇ ಇಷ್ಟಾಯಿತು. ಸ್ಕ್ರೂಡ್ರೈವರ್ ತಂದು ಬೀಗ ಬಿಚ್ಚತೊಡಗಿದ. “ದರಿದ್ರದ್ದು! ಯಾರು ಬಂದ್ರೂ ಬಾ ಅಂತೈತಿ. ತಿಪ್ಪಿಗೆ ಒಗೀತೀನಿ ಇದನ್ನ.”

ಅದು ತನ್ನೊಬ್ಬಳ ಗುರುತು ಹಿಡಿದದ್ದಲ್ಲವೆಂದು ತಿಳಿದು ಆದಮ್ಮನಿಗೆ ಒಂದು ಗಳಿಗೆ ಮನಸ್ಸು ಮುದುಡಿತು. ಮರುಗಳಿಗೆಗೆ ಮೊದಲಿಗಿಂತ ದೊಡ್ಡ ಬೆರಗು ಬಂದು ಆಕೆಯನ್ನು ಹಿಡಿಯಿತು. ಬೆರಳು ಕೇಳುವ ಯಂತ್ರ, ಆದರೆ ಬಂದವರಿಗೆ ಯಾರಿಗೂ ಇಲ್ಲ ಅನ್ನುವುದಿಲ್ಲ! ಇಂಥದ್ದೂ ಒಂದು ಲೋಕದಲ್ಲಿದೆಯೆಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ. ಭೀಮೇಶ ಕಿತ್ತು ನೆಲಕ್ಕೆ ಹಾಕಿದ ಬೀಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅದರ ಗಾಜನ್ನು ಸೆರಗಿನಿಂದ ಒರೆಸಿದಳು.

“ತಿಪ್ಪಿಗ್ಯಾಕ ಒಗೀತೀರಿ ಅಳಿಯಾರ?” ಎಂದಳು. “ನಮ್ಮೂರ ರೇಷನ್ ಅಂಗಡಿಗೆ ಹಾಕಿಸಿಕೊಡ್ರಿ.”